ಅಡಿಕೆಯ ಸೊಕ್ಕು, ಅಣ್ಣನ ಸೊಕ್ಕು

ಬರಿ ಹೊಟ್ಟೆಯಲ್ಲಿ ಅಡಿಕೆ ಜಗಿದವನ ಮುಖವನ್ನು ನೀವು ನೋಡಿರಬೇಕು. ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಹಣೆಯಲ್ಲಿ ಬೆವರು ಮೂಡುತ್ತದೆ, ಕೊನೆಗೆ ಎಂಥ ಗಟ್ಟಿ ಆಳೂ ಸಿಕ್ಕ ಕಂಬವನ್ನು ಅಪ್ಪಿಕೊಂಡು ‘ಸೊಕ್ಕಿತ್ರಿ’ ಎನ್ನುತ್ತಾನೆ. ಶಹಾಪುರದ ಬಸ್ ನಿಲ್ದಾಣದ ಎದುರಿಗಿರುವ ನನ್ನ ಪಾನ್ ಅಂಗಡಿಯ ಮುಂದೆ ಇದು ಆಗಾಗ ನಡೆಯುತ್ತದೆ. ನಾನು ಅವನನ್ನು ಕೂರಿಸಿ, ತಣ್ಣೀರು ಕೊಟ್ಟು, ನಾಲಿಗೆಯ ಮೇಲೆ ಒಂದು ಹರಳು ಉಪ್ಪು ಇಡುತ್ತೇನೆ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಆರನೆಯ ಇಯತ್ತೆಗೇ ಶಾಲೆ ಬಿಟ್ಟವನು ಶಬ್ದಾರ್ಥದ ಗೊಡವೆಗೆ ಹೋಗಬಾರದು. ಆದರೆ ಎಲೆಗೆ ಸುಣ್ಣ ಹಚ್ಚುತ್ತ ಕೂತವನಿಗೆ ಕೆಲಸವೆಲ್ಲ ಕೈಗೆ, ಕಿವಿಗೆ ಬಿಡುವೋ ಬಿಡುವು. ಕೇಳಿ ಕೇಳಿ ನನಗೆ ಹೊಳೆದದ್ದಿಷ್ಟು: ನಮ್ಮಲ್ಲಿ ಕಣ್ಣು ಕತ್ತಲಾದರೂ ಸೊಕ್ಕು, ಕಣ್ಣು ನೆತ್ತಿಗೇರಿದರೂ ಸೊಕ್ಕು. ಬಳಿಚಕ್ರದ ಕಡೆಯ ರೈತರು, ಕಾಯಿ ಹಿಡಿಯದೆ ಬರೀ ಎಲೆ ಬಿಟ್ಟು ಬೆಳೆದ ಹತ್ತಿಗೂ ‘ಸೊಕ್ಕ್ಯಾದ’ ಎಂದೇ ಹೇಳಿ ಕುಡಿ ಚಿವುಟಲು ಹೋಗುತ್ತಾರೆ. ಶಬ್ದ ಒಂದೇ, ಒಬ್ಬನಿಗೆ ನೀರು ಕೊಡಿಸುತ್ತದೆ, ಇನ್ನೊಬ್ಬನಿಗೆ ಏಟು.

ಈ ಎರಡು ಸೊಕ್ಕನ್ನು ಬೇರ್ಪಡಿಸಿ ತಿಳಿಯಬಲ್ಲವನು ಪಾನ್ ಅಂಗಡಿಯವನಲ್ಲದೆ ಇನ್ನಾರು? ಅದಕ್ಕೇ ನನ್ನ ತಪ್ಪಿಗೆ ಮಾಫಿಯಿಲ್ಲ.

ನಾಲ್ಕು ವರ್ಷದ ಹಿಂದೆ ಎರಡು ಕೋಣೆಯ ಒಂದು ಮನೆ ಕಟ್ಟಿಸಿದೆ. ಎರಡೇ ಕೋಣೆಯಾದರೂ ಅಂದು ನಾನು ಓಡಾಡಿದ ರೀತಿ ನೋಡಿದವರು ಕೋಟೆಯನ್ನೇ ಕಟ್ಟಿಸಿದ್ದಾನೆ ಎನ್ನಬೇಕು. ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಬಾಗಿಲಲ್ಲೇ ನಿಂತು ನನ್ನ ಕೈಯಾರೆ ಮಡಿಚಿದ ಎಲೆ ಕೊಟ್ಟೆ. ಹಾಲು ಉಕ್ಕಿಸಬೇಕಾದ ತಂಗಿ ಭೀಮವ್ವ, ಸುರಪುರದಿಂದ ಮೊದಲ ಬಸ್ಸಿಗೆ ಚಹಾ ಕೂಡ ಕುಡಿಯದೆ ಬಂದಿದ್ದಳು. ಅವಳಿಗೂ ಕೊಟ್ಟೆ. ಅಣ್ಣ ಕೊಟ್ಟದ್ದೆಂದು ಜಗಿದಳು.

ಹಾಲಿನ ಹೊತ್ತಾಯಿತು. ಎರಡು ಸಲ ಕರೆದರೂ ಜಗಲಿಯ ಮೂಲೆಯಿಂದ ಅವಳು ಏಳಲಿಲ್ಲ. “ಭಾಳ ದೊಡ್ಡಾಕಿ ಆಗ್ಯಾಳ ಬಿಡ್ರಿ” ಎಂದು ಬೀಗರಲ್ಲಿ ಯಾರೋ ಅಂದರು. ನಾನು ಎದುರು ಹೋಗಿ ನಿಂತೆ.

“ಅಣ್ಣಾ, ನನಗ ಸೊಕ್ಕ್ಯಾದೋ, ಏಳಾಕ ಆಗವಲ್ದು” ಎಂದಳು ಮೆಲ್ಲಗೆ.

ನಾನು ಜನರ ಕಡೆ ತಿರುಗಿದೆ. “ಕೇಳಿದ್ರಿಲ್ಲ? ಸೊಕ್ಕ್ಯಾದ ಅಂತ ಆಕೀನೇ ಒಪ್ಕೊಂಡಾಳ! ಹೊಸ ಮನಿ ನಂದು, ಸೊಕ್ಕು ಇಕೀದು!”

ಮನೆ ತುಂಬ ನಗೆ. ನಿಮ್ಮೆದುರು ಸುಳ್ಳೇಕೆ? ಅವಳ ಮಾತು ನನಗೆ ತಿಳಿದಿತ್ತು. ಅವಳ ಹಣೆಯ ಬೆವರೂ ಕಂಡಿತ್ತು. ಆದರೆ ಚೇಷ್ಟೆ ಬಾಯಿಗೆ ಬಂದಿತ್ತು, ನಗುವ ಜನ ಎದುರಿಗಿದ್ದರು, ಬಿಡಲಾಗಲಿಲ್ಲ. ಅವಳು ಗೋಡೆ ಹಿಡಿದು ಎದ್ದು ಹಾಲು ಉಕ್ಕಿಸಿ, ಊಟಕ್ಕೆ ಕೂರದೆ ಬಸ್ಸು ಹತ್ತಿದಳು. ಆಮೇಲೆ ನನ್ನ ಹೊಸಿಲು ತುಳಿಯಲಿಲ್ಲ. ಅವಳೇ ಮೊದಲು ಬರಲಿ ಎಂದು ನಾನೂ ಕೂತೆ. ಅದು ಯಾವ ಸೊಕ್ಕು ಎಂದು ಕೇಳಿಕೊಳ್ಳಲಿಲ್ಲ.

ಹೋದ ತಿಂಗಳು ಯಾದಗಿರಿಯ ಹಿರಿಯರೊಬ್ಬರು ಎಲೆ ಕಟ್ಟಿಸಿಕೊಳ್ಳುತ್ತ, ನಾನು ಯಾರೆಂದು ತಿಳಿಯದೆ ನನ್ನನ್ನೇ ವಿಚಾರಿಸಿದರು. “ನಿಮ್ಮೂರಿಂದ ಸುರಪುರಕ್ಕ ಕೊಟ್ಟ ಭೀಮವ್ವ, ಆಕಿ ಮಗಳ್ನ ನಮ್ಮ ಹುಡುಗಗ ಕೇಳ್ಬೇಕಂತ ಮಾಡೀವ್ರಿ. ಹುಡುಗಿ ಛಲೋ ಅದಾಳ. ಆದ್ರ ತಾಯಿಗೆ ಭಾಳ ಸೊಕ್ಕಂತ, ಖರೇನ್ರಿ?”

“ಯಾರು ಅಂದಾರ್ರಿ?”

“ಒಡಹುಟ್ಟಿದ ಅಣ್ಣನೇ ಮಂದ್ಯಾಗ ಅಂದಾನಂತಲ್ಲ.”

ಸುಣ್ಣದ ಕಡ್ಡಿ ಕೆಳಗಿಟ್ಟೆ. “ಆ ಅಣ್ಣ ನಾನೇ ರೀ. ಆಕಿಗೆ ಅಡಿಕಿ ಸೊಕ್ಕಿತ್ತು. ಮಂದ್ಯಾಗ ಅಂದದ್ದು ನನ್ನ ಸೊಕ್ಕು” ಎಂದು ನಡೆದದ್ದನ್ನೆಲ್ಲ ಹೇಳಿದೆ.

ಅವರು ಎಲೆಯ ಕಟ್ಟನ್ನು ಚೀಲಕ್ಕೆ ಹಾಕಿಕೊಂಡರು. “ನನಗ ಹೇಳಿದ್ರಿ, ಛಲೋ ಆತು. ಆಕಿಗೆ ಹೇಳೀರೇನು?”

ಮರುದಿನ ಅಂಗಡಿ ಮುಚ್ಚಿ ಸುರಪುರದ ಬಸ್ಸು ಹತ್ತಿದೆ. ಮಾರುವವನು ತಿನ್ನಬಾರದೆಂಬುದು ನಮ್ಮಪ್ಪ ಹಾಕಿಕೊಟ್ಟ ಕಟ್ಟಳೆ. ಮೂವತ್ತು ವರ್ಷ ಪಾಲಿಸಿದ್ದೆ. ಅಂದು ಮಾತ್ರ, ಏನೆಂದು ಶುರು ಮಾಡಲಿ ಎಂಬ ದಿಗಿಲಿನಲ್ಲಿ, ಜೇಬಿನ ಅಡಿಕೆ ಯಾವಾಗ ಬಾಯಿಗೆ ಹೋಯಿತೋ ತಿಳಿಯದು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ತಂಗಿಯ ಮನೆಯ ಕಟ್ಟೆ ಮುಟ್ಟುವ ಹೊತ್ತಿಗೆ ಕಿವಿ ಬಿಸಿಯಾಗಿ, ಓಣಿಯೇ ಗಿರ್ರೆಂದು ತಿರುಗಿ, ಅಲ್ಲೇ ಕುಸಿದು ಕೂತೆ. ಆಡಬೇಕೆಂದು ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬೆವರಾಗಿ ಹೋದವು.

ಎದುರು ಮನೆಯ ಹೆಂಗಸು ಕೂಗಿದಳು: “ಭೀಮವ್ವಾ, ನಿಮ್ಮಣ್ಣ ಬಂದಾನ ನೋಡು. ಒಳಗ ಬಾ ಅಂದ್ರ ಏಳವಲ್ಲ, ಏನಾಗ್ಯಾದ ಆತಗ?”

ಭೀಮವ್ವ ಹೊಸಿಲಿಗೆ ಬಂದು ನೋಡಿದಳು. ಓಣಿಯ ನಾಲ್ಕಾರು ಜನ ನಿಂತಿದ್ದರು. ನಾನು ಅಂದು ಆಡಿದ ಚೇಷ್ಟೆ ಇಂದು ಅವಳ ಬಾಯಿಗೆ ತಾನಾಗಿ ಬಂದು ನಿಂತಿತ್ತು. ಆಡಿದ್ದರೆ ನ್ಯಾಯವಾಗಿಯೇ ಇರುತ್ತಿತ್ತು.

“ಅಡಿಕಿ ಸೊಕ್ಕ್ಯಾದವ್ವಾ ಆತಗ” ಎಂದಳು.

ಅಡಿಕಿ. ಅದೊಂದು ಮಾತನ್ನು ಅವಳು ಸೊಕ್ಕಿನ ಮುಂದಿಟ್ಟಳು. ನಾನು ನಾಲ್ಕು ವರ್ಷದ ಹಿಂದೆ ನುಂಗಿಕೊಂಡದ್ದು ಅದನ್ನೇ.

“ಅಡಿಕಿದಲ್ಲವ್ವಾ, ನಂದು” ಎಂದೆ.

“ಗೊತ್ತದ, ಮೊದ್ಲ ನೀರು ಕುಡಿ” ಎಂದು ತಂಬಿಗೆ ಕೈಗಿಟ್ಟು, ಉಪ್ಪಿನ ಹರಳೊಂದನ್ನು ಅಂಗೈಗೆ ಹಾಕಿದಳು. “ನಾಡಿದ್ದು ಯಾದಗಿರಿ ಮಂದಿ ಬರ್ತಾರಂತ. ಎಲಿ ನೀನೇ ತಗೊಂಡು ಬಾ. ಅಡಿಕಿ ಮಾತ್ರ ನೋಡಿ ತಾ.”

ಕಂಬಕ್ಕೆ ಒರಗಿ ನೀರು ಕುಡಿದೆ. ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.