ಓರಗಿತ್ತಿಯ ಬ್ಯಾಟರಿ ಆಟೋ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಬೇರೆಯವರ ಬಾಯಿಂದ ಕೇಳಿ ತಿಳಿದದ್ದಲ್ಲ, ನನ್ನ ಹೊಟ್ಟೆ ನನಗೇ ಹೇಳುತ್ತದೆ. ಪಕ್ಕದವರ ಗದ್ದೆಯ ಗಂಧಕಸಾಲೆ ಭತ್ತ ನನ್ನದಕ್ಕಿಂತ ಮುಂಚೆ ತೆನೆ ಬಿಟ್ಟರೆ ಆ ದಿನ ನನಗೆ ಕಾಫಿ ರುಚಿಸುವುದಿಲ್ಲ. ಆದರೆ ಸರ್ಕಾರದ ಒಂದು ಕಾನೂನನ್ನು ಕಂಡು ಹೊಟ್ಟೆ ಉರಿಸಿಕೊಂಡವಳು ಇಡೀ ವಯನಾಡಿನಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಮನೆ ಪನಮರಂ ಪೇಟೆಯಿಂದ ಒಳಗೆ, ಗದ್ದೆ ಬಯಲು ಮುಗಿದು ಕಾಫಿ ತೋಟದ ಏರು ಶುರುವಾಗುವಲ್ಲಿದೆ. ಎಂದೋ ಕರ್ನಾಟಕದಿಂದ ಬಂದು ಬೇರೂರಿದ ಜೈನರು ನಾವು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ನನ್ನ ವಯಸ್ಸಿನಷ್ಟೇ ಹಳೆಯ ಈ ಜಿಲ್ಲೆಯನ್ನು ಅತ್ತೆ ಈಗಲೂ ‘ಹೊಸ ಜಿಲ್ಲೆ’ ಎಂದೇ ಕರೆಯುತ್ತಿದ್ದರು. ನಾನು ಮದುವೆಯಾಗಿ ಬಂದು ಎಷ್ಟು ಕಾಲವಾದರೂ ನೆಂಟರ ಮುಂದೆ ‘ನಮ್ಮ ಹೊಸ ಸೊಸೆ’ ಎನ್ನುತ್ತಿದ್ದರು. ಮೈದುನನ ಹೆಂಡತಿ ಬಂದ ದಿನ ಆ ಪಟ್ಟ ಹೋಯಿತು, ನಾನು ‘ದೊಡ್ಡೋಳು’ ಆದೆ. ಅವಳು ‘ಮೋಳೇ’ ಆದಳು. ಮೋಳೇ ಎಂದರೆ ಮಲಯಾಳದಲ್ಲಿ ಮಗಳೇ ಎಂದು. ಕನ್ನಡದಲ್ಲಿ ಹೇಳಲು ನಾಚಿಕೆಯಾಗುವಷ್ಟು ಪ್ರೀತಿಯನ್ನು ಅತ್ತೆ ಮಲಯಾಳದಲ್ಲಿ ಹೇಳುತ್ತಿದ್ದರು. ನನಗೆ ಯಾವ ಭಾಷೆಯಲ್ಲೂ ಹೇಳಲಿಲ್ಲ.

ಆದರೂ ನನಗೊಂದು ಜೀಪಿತ್ತು. ಗಂಡನ ಬೆನ್ನು ನೋವು ವಾಸಿಯಾಗದೆ ಹೋದಾಗ ಅವರ ಡೀಸೆಲ್ ಜೀಪಿನ ಸ್ಟೇರಿಂಗ್ ಹಿಡಿದವಳು ನಾನು. ಬೆಳಿಗ್ಗೆ ಹಾಲಿನ ಕ್ಯಾನು, ಆಮೇಲೆ ಶಾಲೆಯ ಮಕ್ಕಳು, ಮಧ್ಯಾಹ್ನ ಪೇಟೆಯ ಟ್ರಿಪ್ಪು, ಸಂಜೆ ಮತ್ತೆ ಮಕ್ಕಳು. ಅತ್ತೆಯನ್ನು ಬಸದಿಗೆ ಕರೆದೊಯ್ಯುವವಳೂ ನಾನೇ, ಕಲ್ಪೆಟ್ಟದ ಆಸ್ಪತ್ರೆಗೆ ಕರೆದೊಯ್ಯುವವಳೂ ನಾನೇ. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಕಂಬಿ ಹಿಡಿದರೆ ನನಗೆ ರಾಣಿಯನ್ನು ಕೂರಿಸಿಕೊಂಡ ಹೆಮ್ಮೆ.

ಹಾಗಿರುವಾಗ ಆ ಕಾನೂನು ಬಂತು. ಪಂಚಾಯತ್ ಹಾಲಿನಲ್ಲಿ ಸಭೆ ಕರೆದಿದ್ದರು, ಗಾಡಿ ಓಡಿಸುವವರೆಲ್ಲ ಹೋಗಿದ್ದೆವು. ಕಲ್ಪೆಟ್ಟದಿಂದ ಬಂದ ಅಧಿಕಾರಿಯೊಬ್ಬರು ತಾಳ್ಮೆಯಿಂದ ವಿವರಿಸಿದರು. ರಾಜ್ಯ ಇನ್ನು ಹೊಗೆಯಿಲ್ಲದ ಗಾಡಿಯ ಕಡೆಗೆ ಹೋಗುತ್ತದೆ. ಬ್ಯಾಟರಿ ಆಟೋಗೆ ಪರ್ಮಿಟ್ ಬೇಡ, ತೆರಿಗೆಯಲ್ಲಿ ರಿಯಾಯಿತಿ, ಹೆಂಗಸರು ಕೊಂಡರೆ ಸಹಾಯಧನ. ಜಂಕ್ಷನ್ನಿನ ಕರೆಂಟ್ ಕಂಬಗಳಿಗೇ ಚಾರ್ಜು ಮಾಡುವ ಪೆಟ್ಟಿಗೆ ಕಟ್ಟುತ್ತಾರೆ. ಹದಿನೈದು ವರ್ಷ ದಾಟಿದ ಡೀಸೆಲ್ ಗಾಡಿಗಳು ಹಸಿರು ತೆರಿಗೆ ಕಟ್ಟಬೇಕು, ಫಿಟ್‌ನೆಸ್ ಪರೀಕ್ಷೆಯಲ್ಲಿ ಹೊಗೆ ತೋರಿಸಿ ಪಾಸಾಗಬೇಕು. ನನ್ನ ಜೀಪಿಗೆ ಹದಿನೈದು ದಾಟಿ ಎಷ್ಟೋ ಕಾಲವಾಗಿತ್ತು. ತಿರುವನಂತಪುರದಲ್ಲಿ ಯಾರೋ ಕೂತು ಕೈಯೆತ್ತಿದರು, ಇಲ್ಲಿ ನನ್ನ ಜೀಪು ಮುದುಕಿಯಾಯಿತು. ನಾನು ಸಿಟ್ಟಿನಿಂದ ಎದ್ದು ಹೊರಗೆ ಬಂದೆ. ನನ್ನ ಜೊತೆಗೆ ಸುಮ್ಮನೆ ಬಂದಿದ್ದ ಓರಗಿತ್ತಿ ಮಾತ್ರ ಕೊನೆಯವರೆಗೂ ಕೂತು ಕೇಳಿ, ಅರ್ಜಿ ಹಿಡಿದುಕೊಂಡು ಬಂದಳು.

ಆಟೋ ಬಂದೇ ಬಂತು. ನೀಲಿ ಮೈ, ಬಿಳಿ ಪಟ್ಟಿ, ಹಸಿರು ನಂಬರ್ ಪ್ಲೇಟು. ಅವಳಿಗೆ ಹಸಿರು ಪ್ಲೇಟು, ನನಗೆ ಹಸಿರು ತೆರಿಗೆ. ಊರಿನ ಹೆಂಗಸರೆಲ್ಲ ಬಂದು ಅದರ ಸೀಟು ಮುಟ್ಟಿ ನೋಡಿದರು. ಅತ್ತೆ ಕುಂಕುಮ ಹಚ್ಚಿ, ತೆಂಗಿನಕಾಯಿ ಇಟ್ಟು, ಅದರಲ್ಲಿ ಕೂತು ಜಂಕ್ಷನ್ನಿಗೆ ಹೋಗಿ ಬಂದರು.

“ಮೈ ಅಲುಗೋದೇ ಇಲ್ಲ ದೊಡ್ಡೋಳೇ, ತೊಟ್ಟಿಲಲ್ಲಿ ಕೂತ ಹಾಂಗೆ ಉಂಟು” ಎಂದು ನನಗೇ ಬಂದು ಹೇಳಿದರು.

“ನಂಗೆ ಎಂತಕ್ಕೆ ಹೇಳ್ತೀರಿ? ಇನ್ನು ಬಸದಿಗೂ ತೊಟ್ಟಿಲಲ್ಲೇ ಹೋಗಿ” ಎಂದೆ. ಅವರು ಹಾಗೆಯೇ ಮಾಡಿದರು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ಇದೂ ಎಷ್ಟು ದಿನ ನೋಡೋಣ ಎಂದು ನಾನು ಕಾದೆ. ಅಗಸ ಒಗೆಯುತ್ತಲೇ ಇದ್ದ.

ಮನೆಯಲ್ಲಿ ಇದ್ದದ್ದು ಒಂದೇ ಪವರ್ ಪ್ಲಗ್, ಅದು ಅಡುಗೆಮನೆಯ ಹಿಂದೆ ನನ್ನ ಗ್ರೈಂಡರಿನದು. ಅಲ್ಲಿಗೇ ಅವಳ ವೈರು ಬಂತು. ಅಕ್ಕಿ ಉದ್ದು ನೆನೆದು ಹುಳಿಯಾಗುತ್ತಿದ್ದರೆ ಆಟೋ ಹೊಟ್ಟೆ ತುಂಬಿಸಿಕೊಳ್ಳುತ್ತಾ ನಿಂತಿರುತ್ತಿತ್ತು. “ಅಕ್ಕಾ, ಸ್ವಲ್ಪ ತಡೀರಿ, ಇನ್ನು ಒಂದು ಕಡ್ಡಿ ಬಾಕಿ ಉಂಟು” ಎಂದು ಅವಳು ಆಟೋದ ಮೀಟರಿನಲ್ಲಿ ಚಾರ್ಜು ತೋರಿಸುವ ಗೆರೆಗಳತ್ತ ಬೆರಳು ಮಾಡುತ್ತಿದ್ದಳು. ನನಗೆ ಅಕ್ಕ ಎನ್ನುವಾಗ ಅವಳ ದನಿಯಲ್ಲಿ ಕಪಟವಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರುತ್ತಿತ್ತು. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು! ಜಂಕ್ಷನ್ನಿನ ಕಂಬಕ್ಕೆ ಪೆಟ್ಟಿಗೆ ಕಟ್ಟಿದ ಮೇಲೆ ನನ್ನ ಗ್ರೈಂಡರಿಗೆ ಬಿಡುಗಡೆ ಸಿಕ್ಕಿತು. ಆದರೆ ನಾನು ಜೀಪಿಗೆ ಡೀಸೆಲ್ ಹಾಕಿಸಲು ಪೇಟೆಯ ಬಂಕಿನಲ್ಲಿ ಸಾಲು ನಿಂತಿದ್ದರೆ, ಅವಳು ಕಂಬದ ಕೆಳಗೆ ಆಟೋ ನಿಲ್ಲಿಸಿ ಮೊಬೈಲು ತೋರಿಸಿ ವೈರು ಚುಚ್ಚಿ ಚಹಾ ಕುಡಿಯುತ್ತಿದ್ದಳು.

ಇಷ್ಟನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಆಮೇಲೆ ಬಂತು.

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವ ಕ್ರಮವಿಲ್ಲ. ಅತ್ತೆಯ ಮನೆಯಲ್ಲಿ ಇನ್ನೂ ಒಂದು ಕ್ರಮ: ಹೊರಗೆ ಹೋದವರೆಲ್ಲ ಬರುವವರೆಗೆ ಎಲೆ ಹಾಕುವ ಹಾಗಿಲ್ಲ, ಅತ್ತೆ ಕರೆಯುವವರೆಗೆ ಯಾರೂ ಒಳಗೆ ಬಂದು ಊಟ ಕೇಳುವ ಹಾಗಿಲ್ಲ. ಇದಕ್ಕೆಲ್ಲ ನನ್ನ ಜೀಪೇ ಗಡಿಯಾರವಾಗಿತ್ತು. ಸಂಜೆ ಬಯಲಿನ ತಿರುವಿನಲ್ಲಿ ಅದರ ಸದ್ದು ಕೇಳಿದರೆ ಅತ್ತೆ ಎಲೆ ಒರೆಸಲು ಶುರುಮಾಡುವರು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಅನ್ನ ಬಿದ್ದಿರುತ್ತಿತ್ತು.

ಅವಳ ಆಟೋ ಸದ್ದೇ ಮಾಡುತ್ತಿರಲಿಲ್ಲ. ಒಂದು ಸಂಜೆ ನಾನು ಬೇಗ ಬಂದಿದ್ದೆ. ಅಡುಗೆ ಮುಗಿದಿತ್ತು, ಮೈದುನ ಮತ್ತು ನನ್ನ ಗಂಡ ಜಗಲಿಯಲ್ಲಿ ಕೂತಿದ್ದರು. “ಮೋಳು ಬರಲಿ” ಎಂದು ಅತ್ತೆ ಎಲೆ ಕೈಯಲ್ಲಿ ಹಿಡಿದು ಒಳಗೆ ಕಾದರು. ನಾವೆಲ್ಲ ಕಾದೆವು. ಬಾಗಿಲಿನ ಬಿಸಿಲು ಹೊಸ್ತಿಲಿಗೆ ಬಂತು, ಅಂಗಳಕ್ಕೆ ಇಳಿಯಿತು, ಹೋಯಿತು. ಹೊತ್ತು ಮುಳುಗಿತು. ಆಗ ಹಿತ್ತಲಿನಿಂದ ಅವಳ ದನಿ ಬಂತು, “ಅತ್ತೇ, ಇವತ್ತು ಎಲೆ ಹಾಕೋದಿಲ್ವಾ?”

ಅವಳು ಎಷ್ಟೋ ಹೊತ್ತಿನ ಮುಂಚೆಯೇ ಬಂದಿದ್ದಳು. ಆಟೋವನ್ನು ಹಿಂದಿನ ದಾರಿಯಲ್ಲಿ ತಂದು ಕೊಟ್ಟಿಗೆಯ ಪಕ್ಕ ನಿಲ್ಲಿಸಿ, ಮೈ ತೊಳೆದು, ಅತ್ತೆ ಕರೆಯಲಿ ಎಂದು ಹಿಂದಿನ ಕಟ್ಟೆಯ ಮೇಲೆ ಬಸಳೆ ಸೋಸುತ್ತಾ ಕೂತಿದ್ದಳು. ಅವಳು ಹೊರಗೆ ಕಾದಳು, ನಾವು ಒಳಗೆ ಕಾದೆವು, ನಡುವೆ ಒಂದು ಗೋಡೆ. ಆ ರಾತ್ರಿ ತುಂಬಿದ ಅನ್ನದ ಪಾತ್ರೆ ಮುಚ್ಚಿಟ್ಟು ಮನೆಮಂದಿಯೆಲ್ಲ ಉಪವಾಸ ಮಲಗಿದೆವು. ನನ್ನ ಹೊಟ್ಟೆ ಖಾಲಿಯಿತ್ತು, ಮನಸ್ಸಿನಲ್ಲಿ ಹಬ್ಬದೂಟ. ಈಗ ಗೊತ್ತಾಗಲಿ ಸದ್ದಿಲ್ಲದ ಗಾಡಿಯ ಸುಖ!

ಆದರೆ ನನ್ನ ಹಬ್ಬ ಮರುದಿನವೇ ಮುಗಿಯಿತು. ಮರುದಿನ ಸಂಜೆ ನನ್ನ ಜೀಪು ಏರು ಹತ್ತಿ ಬರುವಾಗ ಅತ್ತೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು. ಕೈಯನ್ನು ಹಣೆಗೆ ಅಡ್ಡ ಹಿಡಿದು ತಿರುವಿನತ್ತ ನೋಡುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಬೇಡವೆಂದು ಹಟ. ಮುಖ ತಿಳಿಯುತ್ತಿರಲಿಲ್ಲ, ಬಣ್ಣ ಮಾತ್ರ ಕಾಣುತ್ತಿತ್ತು. ಆ ಪೊರೆಗಣ್ಣಿನಲ್ಲೇ ಅವರು ನೀಲಿಗಾಗಿ ಕಾಯುತ್ತಿದ್ದರು.

“ಎಂತ ಅತ್ತೆ, ಇಲ್ಲಿ?” ಎಂದೆ.

“ಮೋಳು ಬರ್ತಾಳಲ್ಲ. ಅವಳ ಗಾಡಿ ಕೇಳೋದಿಲ್ಲ, ನೋಡಬೇಕು. ನೀನು ಹೋಗು, ಒಲೆ ನೋಡು” ಎಂದು ಕಾಲು ಒಳಗೆಳೆದುಕೊಂಡು ನನಗೆ ದಾರಿ ಬಿಟ್ಟರು. ನನ್ನ ಕಡೆ ತಿರುಗಲೂ ಇಲ್ಲ.

ಅಂದಿನಿಂದ ದಿನವೂ ಅದೇ. ಮಳೆಯಾದರೆ ಕೊಡೆ ಹಿಡಿದು ಕೂರುವರು. ನೀಲಿ ಕಂಡಕೂಡಲೇ ಮೊಣಕಾಲು ಹಿಡಿದು ಎದ್ದು ನಿಂತು, “ಬಂದಿಯಾ ಮೋಳೇ?” ಎನ್ನುವರು. ಆಟೋದ ಕಂಬಿ ಹಿಡಿದು ಪಕ್ಕದಲ್ಲೇ ನಡೆಯುತ್ತಾ ಅಂಗಳದವರೆಗೆ ಬರುವರು. ಅಡುಗೆಮನೆಯ ಕಿಟಕಿಯಿಂದ ನನಗೆ ಅದೆಲ್ಲ ಕಾಣುತ್ತಿತ್ತು. ಇಷ್ಟು ವರ್ಷ ನಾನು ಆ ಏರನ್ನು ಹತ್ತಿ ಬಂದಿದ್ದೇನೆ. ಬಯಲಿಗೆ ಆನೆ ಇಳಿದ ದಿನವೂ, ಮಣ್ಣು ಕುಸಿದ ದಿನವೂ ಬಂದಿದ್ದೇನೆ. ನನಗಾಗಿ ಯಾರೂ ಆ ಕಲ್ಲಿನ ಮೇಲೆ ಕೂತಿರಲಿಲ್ಲ. ನನಗೆ ಆಟೋ ಬೇಕಿರಲಿಲ್ಲ, ಸಹಾಯಧನ ಬೇಕಿರಲಿಲ್ಲ. ಆ ಕಲ್ಲಿನ ಮೇಲೆ ಒಂದು ಸಂಜೆ ಒಬ್ಬರು ನನ್ನನ್ನು ಕಾಯುತ್ತಾ ಕೂರಬೇಕಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಗಿಡಕ್ಕೆ ಎಷ್ಟು ಉರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ.

ಒಂದು ಸಂಜೆ ನಾನು ಜೀಪನ್ನು ತಿರುವಿನ ಹಲಸಿನ ಮರದಡಿ ನಿಲ್ಲಿಸಿ ಮೆಲ್ಲಗೆ ನಡೆದು ಬಂದೆ. ಸದ್ದಿಲ್ಲದೆ ಬಂದರೆ ನನ್ನನ್ನೂ ಹುಡುಕಿ ನೋಡುತ್ತಾರೋ ಎಂದು ಆಸೆ. ಅತ್ತೆ ಕತ್ತು ತಿರುಗಿಸದೆ, “ಜೀಪು ಹಲಸಿನ ಮರದ ಹತ್ರ ನಿಂತಿತಲ್ಲ, ಎಂತಾಯ್ತು? ಡೀಸೆಲ್ ಮುಗೀತಾ?” ಎಂದರು. ನೋಡಿ, ಅವರಿಗೆ ಜೀಪಿನ ಚಿಂತೆ, ನನ್ನದಲ್ಲ. ನಾನು ಸೀದಾ ಒಳಗೆ ಹೋದೆ.

ಫಿಟ್‌ನೆಸ್ ಪರೀಕ್ಷೆಯ ಸಮಯ ಬಂತು. ಎಂಜಿನ್ ಕೆಲಸ ಮಾಡಿಸಿ, ಹಸಿರು ತೆರಿಗೆ ಕಟ್ಟಿದರೆ ಜೀಪು ಇನ್ನೂ ಓಡುತ್ತದೆ ಎಂದು ಗಂಡ ಹೇಳಿದರು. ಮೆಕ್ಯಾನಿಕ್ ಕೂಡ ಅದನ್ನೇ ಹೇಳಿದ. ನಾನು ಕೇಳಲಿಲ್ಲ. ಸರ್ಕಾರವೇ ಹೊಗೆ ಬೇಡ ಎನ್ನುವಾಗ ನಾವು ಹಟ ಹಿಡಿಯಬಾರದು, ಮಕ್ಕಳ ಎದೆಗೆ ಒಳ್ಳೆಯದಲ್ಲ ಎಂದು ಪಂಚಾಯತ್ ಹಾಲಿನ ಅಧಿಕಾರಿಯ ಮಾತುಗಳನ್ನೇ ಒಪ್ಪಿಸಿದೆ. ಗಂಡ ನನ್ನ ಮುಖ ನೋಡಿ ನಕ್ಕರು. “ಯಾವ ಬಣ್ಣ?” ಎಂದಷ್ಟೇ ಕೇಳಿದರು.

ನೀಲಿಯೇ. ಅಂಗಡಿಯಲ್ಲಿ ಬೇರೆ ಬಣ್ಣವೂ ಇತ್ತು. ಬೇಡವೆಂದೆ. ಅವಳ ಬಣ್ಣವೇ ಬೇಕು, ಅವಳ ಬಿಳಿ ಪಟ್ಟಿಯೇ ಬೇಕು. ಜೀಪನ್ನು ಕಲ್ಪೆಟ್ಟದ ಹಳೆ ಗಾಡಿ ವ್ಯಾಪಾರಿಗೆ ಕೊಟ್ಟು, ಕೀಲಿ ಅವನ ಕೈಗೆ ಹಾಕಿ ತಿರುಗಿ ನೋಡದೆ ಬಂದೆ. ಅತ್ತೆಗೆ ಹೇಳಬಾರದು ಎಂದು ಗಂಡನಿಗೆ ತಾಕೀತು ಮಾಡಿದ್ದೆ. ಜೀಪನ್ನು ಪರೀಕ್ಷೆಗೆ ಒಯ್ಯುತ್ತೇನೆ ಎಂದಷ್ಟೇ ಅತ್ತೆಗೆ ಗೊತ್ತಿತ್ತು.

ಬಯಲಿನ ತಿರುವಿಗೆ ಬರುವಾಗ ಬಿಸಿಲು ಇನ್ನೂ ಗದ್ದೆಯ ಮೇಲಿತ್ತು. ಅತ್ತೆ ಕಲ್ಲಿನ ಮೇಲೆ ಇದ್ದರು. ನೀಲಿ ಕಂಡಕೂಡಲೇ ಮೊಣಕಾಲು ಹಿಡಿದು ಎದ್ದರು. ಕೈ ಚಾಚಿ ಆಟೋದ ಕಂಬಿ ಹಿಡಿದರು. ಮುಖ ಅರಳಿತ್ತು. ಅಷ್ಟು ಹತ್ತಿರದಿಂದ ನಾನು ಆ ಅರಳಿದ ಮುಖವನ್ನು ನೋಡಿರಲಿಲ್ಲ.

“ಬಂದಿಯಾ ಮೋಳೇ?” ಎಂದರು.

ಆ ಕರೆ ನನ್ನದಲ್ಲವೆಂದು ಗೊತ್ತಿದ್ದೂ ಒಂದು ಗಳಿಗೆ ಅದನ್ನು ಇಟ್ಟುಕೊಳ್ಳಬೇಕೆನಿಸಿತು.

ಅವರು ಕಂಬಿ ಬಿಡದೆ ನನ್ನ ಕಡೆ ಬಗ್ಗಿದರು. “ಎಲೆ ಹಾಕುವ ಹೊತ್ತಾಯ್ತು. ಆದ್ರೆ ದೊಡ್ಡೋಳ ಜೀಪು ಇನ್ನೂ ಕೇಳಲಿಲ್ಲ. ದಿನಾ ಗದ್ದೆ ಮೋರಿ ದಾಟುವಾಗಲೇ ನಂಗೆ ಕೇಳ್ತದೆ. ಆಮೇಲೆ ತಿರುವಿನಲ್ಲಿ ಗೇರು ಹಾಕ್ತಾಳೆ, ಹಲಸಿನ ಮರದ ಹತ್ರ ಒಂದ್ಸಲ ಕೆಮ್ತದೆ. ಅಷ್ಟು ಕೇಳಿದ್ರೆ ನಂಗೆ ಎದೆ ತಣ್ಣಗಾಗ್ತದೆ. ಇವತ್ತು ಮಧ್ಯಾಹ್ನದಿಂದ ಕಿವಿ ಕೊಟ್ಟು ಕೂತಿದ್ದೇನೆ. ನಿಂಗೆ ದಾರೀಲಿ ಸಿಕ್ಕಿದ್ಲಾ?”

ನಾನು ಆಟೋದಿಂದ ಇಳಿದೆ. ಬಯಲಿನಲ್ಲಿ ಎಲ್ಲೂ ಸದ್ದಿರಲಿಲ್ಲ. ಅತ್ತೆ ಸೆರಗನ್ನು ಕಿವಿಯಿಂದ ಸರಿಸಿ ತಿರುವಿನ ಕಡೆಗೆ ತಲೆ ವಾಲಿಸಿ ನಿಂತಿದ್ದರು.

“ಅತ್ತೆ, ನಾನೇ, ದೊಡ್ಡೋಳು” ಎಂದೆ. “ಜೀಪು ಕೊಟ್ಟುಬಿಟ್ಟೆ.”

ಅವರು ನನ್ನ ಕೈ ಮುಟ್ಟಿದರು, ಬಳೆ ಮುಟ್ಟಿದರು, ಆಮೇಲೆ ಆಟೋದ ಮೈ ಮೇಲೆ ಕೈಯಾಡಿಸಿದರು.

“ಹಾಂಗಾದ್ರೆ ಇನ್ನು ನೀನು ಬಂದದ್ದು ನಂಗೆ ಹೇಂಗೆ ಗೊತ್ತಾಗೋದು?” ಎಂದರು.