ಅಣ್ಣನ ನಕಲೇ ಉಳಿಯಬೇಕು

ಸಿಂಧನೂರಿನಲ್ಲಿ ಅಣ್ಣನದೊಂದು, ಮಸ್ಕಿಯಲ್ಲಿ ತಮ್ಮನದೊಂದು ಬೀಜದಂಗಡಿ. ಯಾರಿಗೆ ಯಾವ ಬೀಜ ಮಾರಿತೆಂದು ಬರೆದಿಡುವ ಸಾಫ್ಟ್‌ವೇರ್ ಬರೆದುಕೊಟ್ಟವನು ಲಿಂಗಸುಗೂರಿನ ನಾನು. ಮೊದಲು ಸಿಂಧನೂರಿಗಷ್ಟೇ ಬರೆದಿದ್ದರಿಂದ ಡೇಟಾಬೇಸನ್ನು ಬೇರೆ ಸರ್ವರಿನಲ್ಲಿ ಇಡದೆ ಪ್ರೋಗ್ರಾಮಿನ ಹೊಟ್ಟೆಯೊಳಗೇ ಇಟ್ಟಿದ್ದೆ. ಲೆಕ್ಕವೆಲ್ಲ ಇರುವುದು ಒಂದೇ ಫೈಲಿನಲ್ಲಿ. ಒಂದು ಅಂಗಡಿ, ಒಂದು ಕಂಪ್ಯೂಟರ್ ಇದ್ದರೆ ಅದಕ್ಕಿಂತ ಸುಖವಿಲ್ಲ.

ಮಸ್ಕಿಗೂ ಅದೇ ಬೇಕೆಂದಾಗ ತಿಳಿಸಿ ಹೇಳಿದೆ: ಫೈಲನ್ನು ಒಂದೇ ಪ್ರೋಗ್ರಾಮು ಮುಟ್ಟಲಿ, ಎರಡು ಅಂಗಡಿಯವರೂ ಅದಕ್ಕೆ ಹೇಳಿ ಸರದಿಯಂತೆ ಬರೆಸಲಿ. ಆ ಮನೆಯಲ್ಲಿ ಅಣ್ಣ ವಿಭೂತಿ ಹಚ್ಚಿಕೊಂಡು ಬಂದು ಬೋಣಿ ಮಾಡುವ ತನಕ ಯಾರೂ ಗಲ್ಲಾ ಮುಟ್ಟುವಂತಿಲ್ಲ. ಅಂಥವನು ತಮ್ಮನ ಹಿಂದೆ ಸರದಿ ಕಾಯುವುದುಂಟೆ? ತನ್ನದೇ ಜಾಣತನ ಮೆರೆದ. ಫೈಲನ್ನು ಇಂಟರ್ನೆಟ್ಟಿನ ಫೋಲ್ಡರೊಂದಕ್ಕೆ ಹಾಕಿ, ಎರಡೂ ಕಂಪ್ಯೂಟರಿಗೆ ನಕಲು ಇಳಿಯುವಂತೆ ಮಾಡಿದ. ಬೇಡವೆಂದು ಬಡಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಇಬ್ಬರೂ ಒಮ್ಮೆಗೇ ಬರೆದರೆ ಎರಡು ಬೇರೆ ಬೇರೆ ನಕಲಾಗುತ್ತವೆ. ಯಾವುದು ಉಳಿಯಲಿ ಎಂದು ತೆರೆಯ ಮೇಲೆ ಪ್ರಶ್ನೆ ಬರುತ್ತದೆ. ತಮ್ಮ ಪ್ರತಿಸಲವೂ ಅಣ್ಣನದನ್ನೇ ಉಳಿಸಿದ. "ಅಣ್ಣಂದು ತಗದು ನಮ್ದು ಇಡೋದು ಹೆಂಗ್ರೀ" ಎಂದು ಆಮೇಲೆ ನನ್ನನ್ನೇ ಕೇಳಿದ. ತನ್ನ ಅಂಗಡಿಯ ಬರಹವನ್ನು ತಾನೇ ಒರೆಸುತ್ತಿದ್ದೇನೆಂಬುದು ಆ ಭಕ್ತಶಿರೋಮಣಿಯ ತಲೆಗೆ ಹೊಳೆದಿರಲಿಲ್ಲ.

ಮುಂಗಾರಿನಲ್ಲಿ ಒಂದು ದಿನ ನಾನು ಸಿಂಧನೂರಿನ ಅಂಗಡಿಯಲ್ಲಿದ್ದಾಗ ಸರಬರಾಜುದಾರನ ಫೋನು ಬಂತು. ಒಂದು ಲಾಟಿನ ತೊಗರಿ ಬೀಜ ಮೊಳೆಯುವುದಿಲ್ಲವಂತೆ, ಬಿತ್ತುವ ಮೊದಲೇ ವಾಪಸು ತರಿಸಬೇಕಂತೆ. ಅಣ್ಣ ಕಂಪ್ಯೂಟರಿನಲ್ಲಿ ಹುಡುಕಿದ. ಸಿಂಧನೂರಿನಲ್ಲಿ ಕೊಂಡವರೆಲ್ಲ ಸಿಕ್ಕರು, ಮಸ್ಕಿಯಲ್ಲಿ ಕೊಂಡವರು ಒಬ್ಬರೂ ಇಲ್ಲ.

"ಮಸ್ಕ್ಯಾಗ ಈ ಬೀಜ ಹೋಗೇ ಇಲ್ಲ ಬಿಡ್ರಿ" ಎಂದು ಅಣ್ಣ ನಿರಾಳನಾಗಿ ಚಹಾ ತರಿಸಿದ. ಮಸ್ಕಿಯ ಬರಹ ಅಳಿಸಿಹೋಗಿರಬೇಕೆಂದು ನನಗೆ ಅನುಮಾನ ಬಂತು. ಮಸ್ಕಿಗೆ ಹೋಗಿ ತಮ್ಮನನ್ನು ಬೈಕಿನ ಹಿಂದೆ ಹತ್ತಿಸಿಕೊಂಡು, ಅವನಿಗೆ ನೆನಪಿದ್ದ ಗಿರಾಕಿಗಳನ್ನು ಹುಡುಕುತ್ತ ಹೊರಟೆ.

ಹೀಗೆ ಊರೂರು ಅಲೆಯುವುದರಲ್ಲಿ ಹತ್ತು ಹನ್ನೆರಡು ದಿನ ಹೋದವು. ಪಾಮನಕಲ್ಲೂರಿನ ಹೊಲವೊಂದರಲ್ಲಿ ಹೆಂಗಸೊಬ್ಬಳು ಕೂತು ಸಾಲು ಕೆದರಿ ನೋಡುತ್ತಿದ್ದಳು. ಬಿತ್ತಿ ವಾರದ ಮೇಲಾಗಿತ್ತು. ಬೀಜ ಕೊಳೆತಿತ್ತು, ನೆಲದ ಹದ ಆರಿತ್ತು. ಮರಳಿ ಬಿತ್ತಬೇಕೆಂದರೆ ಇನ್ನೊಂದು ಮಳೆ ಬರಬೇಕು. ತಮ್ಮ ಕೈಮುಗಿದು ನಿಂತು ಎರಡು ನಕಲಿನ ಕತೆ, ತಾನು ಅಣ್ಣನದನ್ನೇ ಉಳಿಸಿದ್ದು, ಎಲ್ಲವನ್ನೂ ತೊದಲುತ್ತ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮಣ್ಣಗ ಮರ್ಯಾದಿ ಕೊಡಾಕ ನನ್ನ ಹೊಲಾನ ಬೇಕಾಗಿತ್ತೇನ್ರೀ?" ಎಂದಳು.