ಮಗಳ ಮನೆಯಲ್ಲಿ ಮೂರು ತಿಂಗಳು

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೆಂದು ಅಲ್ಲಿಯ ಜನ ವೋಟು ಹಾಕಿದ್ದಾರೆ ಎಂದು ಗೊತ್ತಾದ ದಿನ ಸ್ವೀಡನ್ನಿನಲ್ಲಿ ಮಿಡ್‌ಸಮ್ಮರ್ ಹಬ್ಬ. ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಹೂವು ಸುತ್ತಿದ ಕಂಬ ನಿಲ್ಲಿಸಿ, ದೊಡ್ಡ ದೊಡ್ಡ ಮನುಷ್ಯರೆಲ್ಲ ಅದರ ಸುತ್ತ ಕಪ್ಪೆಗಳ ಹಾಗೆ ಕುಪ್ಪಳಿಸುತ್ತಿದ್ದರು. ನನ್ನ ಪುಟ್ಟ ಮಗಳೂ ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು ಕುಪ್ಪಳಿಸುತ್ತಿದ್ದಳು. ಲಿಂಡ್‌ಹೋಲ್ಮೆನ್ ಬಡಾವಣೆಯ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವವಳೊಬ್ಬಳು, ನನ್ನದು ಬ್ರಿಟಿಷ್ ಪಾಸ್‌ಪೋರ್ಟು ಎಂಬುದನ್ನು ನೆನಪಿಟ್ಟುಕೊಂಡು ಬಂದು, ಸಾವಿನ ಮನೆಗೆ ಬಂದವಳಂತೆ ಬೆನ್ನು ಸವರಿದಳು. ನನಗೆ ಏನೂ ಅನ್ನಿಸಲಿಲ್ಲ. ತಟ್ಟೆಯಲ್ಲಿದ್ದ ಸ್ಟ್ರಾಬೆರಿ ಕೇಕು ತಿಂದು ಮುಗಿಸಿದೆ.

ಇಂಗ್ಲೆಂಡಿಗೆ ಮೊದಲು ಹೋದವನು ಅಣ್ಣ. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನಿಂದ ಅಮ್ಮನನ್ನೂ ಕರೆಸಿಕೊಂಡ, ಅವಳೂ ಅಲ್ಲಿಯ ಪ್ರಜೆಯಾದಳು. ನಾನೂ ಕೆಲವು ವರ್ಷ ಅಲ್ಲೇ ಇದ್ದು, ಆ ಪಾಸ್‌ಪೋರ್ಟು ಹಿಡಿದು ಗಂಡನ ಜೊತೆ ಇಲ್ಲಿಗೆ ಬಂದೆ. ಒಕ್ಕೂಟದೊಳಗೆ ಎಲ್ಲಿ ಬೇಕಾದರೂ ಇರಬಹುದಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಹಾಗಾಗಿ ನಾವು ಅಮ್ಮನನ್ನು ಹಂಚಿಕೊಂಡಿದ್ದೆವು. ಚಳಿಗಾಲದ ಆರು ತಿಂಗಳು ಅವನ ಮನೆ, ಬೇಸಿಗೆಯ ಆರು ತಿಂಗಳು ನನ್ನ ಮನೆ. ಆ ವರ್ಷ ಮಾತ್ರ ಅಮ್ಮ, "ವೋಟು ಮುಗಿಸ್ಕೊಂಡೇ ಬರ್ತೀನಿ ಕಣೇ" ಎಂದು ಪ್ರಯಾಣ ಮುಂದೆ ಹಾಕಿದ್ದಳು.

ಪಾರ್ಕಿನ ಬೆಂಚಿನ ಮೇಲೆ ಕೂತು ಅಣ್ಣನಿಗೆ ಫೋನು ಮಾಡಿದೆ.

"ಏನೋ ಅಣ್ಣ ಇದು?"

"ಒಳ್ಳೇದೇ ಆಯ್ತು ಬಿಡೇ. ಯುರೋಪಿನವ್ರು ಸುಮ್ನೆ ಬ್ಯಾಗ್ ಹಿಡ್ಕೊಂಡು ಬಂದ್ಬಿಡ್ತಾರೆ, ನಮ್ಮೋರು ಬರೋಕೆ ಮಾತ್ರ ನೂರೆಂಟು ಪ್ರಶ್ನೆ. ಇನ್ಮೇಲೆ ಎಲ್ರಿಗೂ ಒಂದೇ ರೂಲ್. ಚಿಕ್ಕಮ್ಮನ ಮಗನಿಗೂ ವೀಸಾ ಸಿಗುತ್ತೆ, ನೋಡ್ತಿರು."

"ನಾನೂ ಯುರೋಪಿನಲ್ಲೇ ಇರೋದು ಅಲ್ವೇನೋ?"

"ನಿನಗೇನಾಗುತ್ತೆ? ನೀನು ಸೆಟ್ಲ್ ಆಗಿದೀಯ."

ಅಷ್ಟರಲ್ಲಿ ಅಮ್ಮ ಫೋನು ಕಿತ್ತುಕೊಂಡಳು. "ಗೆದ್ಬಿಟ್ವಂತೆ ಕಣೇ! ಕೂದಲೆಳೆಯಲ್ಲಿ ಗೆದ್ದಿದ್ದಂತೆ. ನಾನೂ ಹಾಕಿದೆ. ಮೈಸೂರು ಸಿಲ್ಕ್ ಉಟ್ಕೊಂಡು ಹೋಗಿದ್ದೆ. ಅಲ್ಲಿ ಕೂತಿದ್ದ ಹುಡುಗಿ ಎಷ್ಟು ಚೆನ್ನಾಗಿದೆ ನಿಮ್ಮ ಸೀರೆ ಅಂದ್ಲು."

"ಹೌದಾ ಅಮ್ಮ" ಅಂದೆ. ಹಬ್ಬಕ್ಕೆ ಏನು ಅಡುಗೆ ಎಂದು ಕೇಳಿದಳು. ಆಲೂಗಡ್ಡೆ ಬೇಯಿಸಿದ್ದೀನಿ ಅಂದೆ. ಹಬ್ಬದ ದಿನ ಬರೀ ಆಲೂಗಡ್ಡೆಯಾ ಎಂದು ಬೈದಳು.

ಆಮೇಲೆ ಕೆಲವು ವರ್ಷ ಏನೂ ಆಗಲಿಲ್ಲ. ಟೀವಿಯಲ್ಲಿ ಕಿತ್ತಾಡುತ್ತಲೇ ಇದ್ದರು, ಅಮ್ಮ ಬಂದು ಹೋಗುತ್ತಲೇ ಇದ್ದಳು. ಬಾಲ್ಕನಿಯಲ್ಲಿ ದೊಡ್ಡಪತ್ರೆ ಬೆಳೆಸಿದಳು. ಪಕ್ಕದ ಮನೆಯ ಸ್ವೀಡಿಷ್ ಅಜ್ಜಿಯ ಜೊತೆ ಸಂಜೆ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಇವಳು ಕನ್ನಡದಲ್ಲಿ ಮಂಡಿನೋವು ಹೇಳಿದರೆ ಆಕೆ ಸ್ವೀಡಿಷಿನಲ್ಲಿ ಇನ್ನೇನೋ ಹೇಳುತ್ತಿದ್ದರು. ಇಬ್ಬರಿಗೂ ತೃಪ್ತಿಯಾಗುತ್ತಿತ್ತು.

ಕೊನೆಗೆ ಬ್ರಿಟನ್ ನಿಜವಾಗಿಯೂ ಹೊರಗೆ ಹೋಯಿತು. ನಾನು ಅಷ್ಟರಲ್ಲಿ ಇಲ್ಲಿಯ ಪ್ರಜೆಯಾಗಿದ್ದೆ. ಅಮ್ಮ ಮಾತ್ರ ಹೊರಗಿನವಳಾದಳು. ಹೊರಗಿನವರು ಯಾವ ಆರು ತಿಂಗಳಲ್ಲೂ ಮೂರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಅಮ್ಮನನ್ನು ನನ್ನ ಜೊತೆಯೇ ಇಟ್ಟುಕೊಳ್ಳಬಹುದೇ ಎಂದು ಇಲ್ಲಿಯ ವಲಸೆ ಕಚೇರಿಯಲ್ಲಿ ವಿಚಾರಿಸಿದೆ. ನಿಮ್ಮ ತಾಯಿ ನಿಮ್ಮ ಅಣ್ಣನ ಆಸರೆಯಲ್ಲಿದ್ದಾರೆ, ನಿಮ್ಮ ಆಸರೆಯಲ್ಲಿಲ್ಲ ಎಂದು ಬಹಳ ಮರ್ಯಾದೆಯಿಂದ ಆಗುವುದಿಲ್ಲ ಅಂದರು.

ಅಂದು ಅಣ್ಣನಿಗೆ ಬಾಯಿಗೆ ಬಂದ ಹಾಗೆ ಅಂದೆ. "ನಿನ್ನ ಬುದ್ಧಿಗಿಷ್ಟು! ಅಮ್ಮನ ಕೈಲೂ ಬಿಡೋದಕ್ಕೇ ವೋಟು ಹಾಕಿಸಿದ್ಯಲ್ಲೋ!"

"ನಾನು ಕನಸು ಕಂಡಿದ್ನೇನೇ ಹೀಗಾಗುತ್ತೆ ಅಂತ?"

"ಚಿಕ್ಕಮ್ಮನ ಮಗ ಬಂದ್ನಾ ಇಂಗ್ಲೆಂಡಿಗೆ?"

ಚಿಕ್ಕಮ್ಮನ ಮಗ ಜರ್ಮನಿಗೆ ಹೋಗಿ ಆರಾಮಾಗಿದ್ದ. ಕೊನೆಗೆ ಅಣ್ಣ, "ಅಮ್ಮಂಗೆ ಮಾತ್ರ ಇದು ವೋಟಿಂದ ಆಗಿದ್ದು ಅಂತ ಹೇಳ್ಬೇಡ ಕಣೇ. ತಡ್ಕೊಳಲ್ಲ ಅವಳು" ಅಂದ. ನನಗೂ ಹಾಗೇ ಅನ್ನಿಸಿತ್ತು. ಅಷ್ಟೊಂದು ಸಂಭ್ರಮದಿಂದ ರೇಷ್ಮೆ ಸೀರೆ ಉಟ್ಟು ಹೋದವಳಿಗೆ, ಮೊಮ್ಮಗಳನ್ನು ನೀನೇ ಕಳ್ಕೊಂಡೆ ಎಂದು ಹೇಗೆ ಹೇಳಲಿ? ನಾವಿಬ್ಬರೂ ಒಪ್ಪಿದ ಕೊನೆಯ ಮಾತು ಅದು. ಈಗ ಯುಗಾದಿ, ದೀಪಾವಳಿಗೊಂದು ಮೆಸೇಜು ಹಾಕಿಕೊಳ್ಳುತ್ತೇವೆ.

ಆ ಬೇಸಿಗೆಗೆ ಬಂದ ಅಮ್ಮನಿಗೆ ಅರ್ಧ ಹೇಳಿದೆ. ಈಗ ರೂಲು ಬದಲಾಗಿದೆ, ಮೂರೇ ತಿಂಗಳು ಅಂದೆ.

"ತಾಯಿ ಮಗಳ ಮನೇಲಿ ಇರೋಕೂ ರೂಲೇನೇ? ಮೊದ್ಲು ಇರ್ಲಿಲ್ವಲ್ಲ."

"ಈಗ ಬಂದಿದೆ."

"ಯಾಕೆ ಬಂತು?"

ಅಕ್ಕಿ ತೊಳೆಯುತ್ತಿದ್ದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಅಮ್ಮ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು. "ಅಳಿಯಂದ್ರು ಏನಾದ್ರೂ ಅಂದ್ರಾ?"

ಅಯ್ಯೋ ದೇವರೇ! ಪಾಪ ನನ್ನ ಗಂಡ, ಅವಳ ಸಾರಿಗೆ ಬಾಯಿ ಬಿಟ್ಟುಕೊಂಡು ಕಾಯುವ ಪ್ರಾಣಿ. ಇಲ್ಲ ಇಲ್ಲ ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಮಗಳ ಮನೆಯಲ್ಲಿ ಬಹಳ ದಿನ ಕೂತು ಉಣ್ಣಬಾರದು ಎಂದು ನಂಬಿದ ಕಾಲದವಳು ಅಮ್ಮ. ಆರು ತಿಂಗಳು ಇರುವುದಕ್ಕೇ ಅವಳಿಗೆ ಒಳಗೊಳಗೆ ಅಳುಕಿತ್ತು. ಈಗ ಅದಕ್ಕೊಂದು ಕಾರಣ ಸಿಕ್ಕಿತು. ಅವತ್ತಿನಿಂದ ನನ್ನ ಗಂಡ ಆಫೀಸಿನಿಂದ ಬಂದ ಕೂಡಲೇ ಟೀವಿ ಆರಿಸಿ ರೂಮು ಸೇರಲು ಶುರುಮಾಡಿದಳು. ತನ್ನ ತಟ್ಟೆ ತಾನೇ ತೊಳೆದಿಡುತ್ತಾಳೆ. ಒಂದು ಲೋಟ ಕಾಫಿ ಮಾಡಿಕೊಳ್ಳಲೂ, "ಮಾಡ್ಕೊಳ್ಲಾ?" ಎಂದು ನನ್ನನ್ನು ಕೇಳುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಅಣ್ಣನ ಮೇಲೋ, ಅಮ್ಮನ ಮೇಲೋ, ನನ್ನ ಮೇಲೋ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಾದರೆ ಅದೂ ಇರುವುದಿಲ್ಲ. ಕುಕ್ಕರ್ ಇಡುತ್ತೇನೆ, ಬಟ್ಟೆ ಮಡಿಸುತ್ತೇನೆ.

ಈ ಬೇಸಿಗೆಯೂ ಮೂರು ತಿಂಗಳು ಮುಗಿಯುತ್ತಲೇ ಅಮ್ಮನನ್ನು ಕರೆದುಕೊಂಡು ಹೋಗಿ ಏರ್‌ಪೋರ್ಟಿನಲ್ಲಿ ನಿಂತೆವು. ಈಗ ನನ್ನೆತ್ತರಕ್ಕೆ ಬಂದಿರುವ ಮಗಳು ಅಜ್ಜಿಯನ್ನು ತಬ್ಬಿಕೊಂಡು, ಹೋಗಬೇಡ ಎಂದು ಸ್ವೀಡಿಷಿನಲ್ಲಿ ಹೇಳಿದಳು. ಅಮ್ಮನಿಗೆ ಅಷ್ಟು ಸ್ವೀಡಿಷ್ ಬರುತ್ತದೆ. ಅವಳ ತಲೆ ನೇವರಿಸಿ ನನ್ನ ಕಡೆ ತಿರುಗಿದಳು.

"ಬರೋ ವರ್ಷ ಒಂದು ತಿಂಗಳು ಸಾಕು ಕಣೇ."

"ಯಾಕಮ್ಮ?"

"ನಿನ್ನ ಸಂಸಾರ ನೀನು ನೋಡ್ಕೋಬೇಕಲ್ವಾ? ರೂಲು ಗೀಲು ಅಂತ ಸುಳ್ಳು ಹೇಳ್ಬೇಡ ಇನ್ಮೇಲೆ. ನಾನೇನೂ ತಪ್ಪು ತಿಳ್ಕೊಳಲ್ಲ."

ನಾಲಿಗೆಯ ತುದಿಗೆ ಬಂದಿತ್ತು. ಗೆದ್ಬಿಟ್ವಂತೆ ಅಂದೆಯಲ್ಲಮ್ಮ, ಅದೇ ಇದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಮ್ಮ ಕಾಯುತ್ತಿದ್ದಳು.

"ಸರಿ ಅಮ್ಮ" ಅಂದೆ.

ಅವಳು ನನ್ನನ್ನು ಕ್ಷಮಿಸಿದವಳ ಹಾಗೆ ಕೆನ್ನೆ ತಟ್ಟಿ, ಪಾಸ್‌ಪೋರ್ಟು ತೆಗೆದುಕೊಂಡು ಸಾಲಿನಲ್ಲಿ ಹೋಗಿ ನಿಂತಳು.